ಪರದೇಶದಲ್ಲಿ ಪಂಡಿತಾ ರಮಾಬಾಯಿಯವರು

ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ಬ್ರಾಹ್ಮಣ ಪಂಡಿತರಿಗೆ ಒಂದು ಹೆಣ್ಣು ಮಗು ಹುಟ್ಟಿತು. ಆರು ತಿಂಗಳ ಆ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳೊಬ್ಬನು ತಲೆಯ ಮೇಲೆ ಹೊತ್ತು ಕಾಡಿನಿಂದ ಹೊರಗೆ ತಂದನು. ಅಂದು ಮೊದಲುಗೊಂಡು ರಮಾಬಾಯಿಯವರ ಬಾಳು ದಾರಿಯಲ್ಲಿಯೇ ಸಾಗಿತು. ಬರಗಾಲದಲ್ಲಿ ತಂದೆತಾಯಿಗಳು ತೀರಿಹೋದ ಮೇಲೆ ಆಕೆಯು ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಪಂಡಿತೆಯೆಂಬ ಬಿರುದನ್ನು ಕೊಟ್ಟರು. ಮದುವೆಯಾಗಿ ಎರಡು ವರುಷ ತುಂಬುವ ಮುಂಚೆಯೇ ಗಂಡನು ವಾಂತಿಭೇದಿಯಿಂದ ಮೃತನಾದನು.

ಇಷ್ಟು ಊರುಗಳ ನೀರನ್ನು ಕುಡಿದವರಿಗೆ ಹೊಸ ನೆಲದ ಭಯವೇನು ಎಂದು ನಾವು ಎಣಿಸಬಹುದು. ಆದರೆ 1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಎರಡು ವರುಷದ ಮಗಳು ಮನೋರಮೆಯನ್ನೂ ಆನಂದೀಬಾಯಿ ಭಗತ್ ಎಂಬ ಗೆಳತಿಯನ್ನೂ ಕರೆದುಕೊಂಡು ಇಂಗ್ಲೆಂಡಿನ ವಾಂಟೇಜ್ ಊರಿಗೆ ಹೋದಾಗ ಸಂಗತಿಯು ಬೇರೆಯಾಯಿತು. ಅಲ್ಲಿ ಸನ್ಯಾಸಿನಿಯರ ಮಠದಲ್ಲಿ ವಾಸ. ಊಟ, ಉಡುಪು, ಮಾತು, ಚಳಿ ಎಲ್ಲವೂ ಹೊಸದು. ಗೆಳತಿಯ ಮನಸ್ಸು ಇದನ್ನು ತಾಳಲಿಲ್ಲ. ತನ್ನನ್ನು ಬಲಾತ್ಕಾರದಿಂದ ಕ್ರೈಸ್ತಳನ್ನಾಗಿ ಮಾಡುವರೆಂಬ ಭೀತಿಯು ಹಿಡಿದು, ಕೆಲವೇ ತಿಂಗಳುಗಳಲ್ಲಿ ಆಕೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಕಿವಿಯ ದೋಷದಿಂದ ರಮಾಬಾಯಿಯವರ ವೈದ್ಯವಿದ್ಯೆಯ ಆಸೆಯೂ ಮುರಿಯಿತು.

ಅದೇ ವರುಷದ ಸೆಪ್ಟೆಂಬರ್ 29ರಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು. ಆ ಮೇಲೆ ನಿಜವಾದ ಇಕ್ಕಟ್ಟು ಆರಂಭವಾಯಿತು. ಮಾಂಸವನ್ನು ಮುಟ್ಟರು, ಮೊಟ್ಟೆ ಸೇರಿದ ತಿಂಡಿಯನ್ನೂ ಒಲ್ಲರು. ಇದು ಹಳೆಯ ಜಾತಿಯ ಹೆಮ್ಮೆಯೆಂದು ಅವರ ಧರ್ಮಮಾತೆಯಾದ ಜೆರಾಲ್ಡಿನ್ ಎಂಬ ಸನ್ಯಾಸಿನಿಯು ಗದರಿಸಿದರು. ಕೊರಳ ಶಿಲುಬೆಯ ಮೇಲೆ ಲತೀನ್ ಅಕ್ಷರವೇ ಯಾಕೆ, ಸಂಸ್ಕೃತವು ಅದಕ್ಕಿಂತ ಕೀಳೋ ಎಂದು ಶಿಷ್ಯೆಯು ವಾದಿಸಿದರು. ನಮ್ಮ ಊರುಗಳಲ್ಲಿಯೂ ಸ್ನಾನ ಹೊಂದಿದವನನ್ನು ನೋಡಿ ಇವನು ಇನ್ನು ಷರಾಯಿ ಹಾಕುವನೋ ಎಂದು ಕೇಳಿದವರುಂಟಲ್ಲವೇ? ಜೆರಾಲ್ಡಿನರು ಕೆಟ್ಟವರಲ್ಲ, ತಾಯಿಯಂತೆ ಮನೋರಮೆಯನ್ನು ಸಾಕಿದರು. ಆದರೆ ಕ್ರಿಸ್ತನ ಮಾರ್ಗವಾವುದು, ಇಂಗ್ಲಿಷರ ರೂಢಿಯಾವುದು ಎಂಬ ಭೇದವು ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಕಾಣುವುದು ಕಷ್ಟ. ಹೊರಗಿನಿಂದ ಬಂದ ವಿಧವೆಗೆ ಅದು ದಿನಕ್ಕೆ ಮೂರು ಸಾರಿ ಊಟದ ಮೇಜಿನಲ್ಲಿ ಕಾಣುತ್ತಿತ್ತು.

1886ರಲ್ಲಿ ಅವರು ಅಮೇರಿಕಕ್ಕೆ ಹೋದರು. ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿಯನ್ನು ಹೊಂದುವುದನ್ನು ನೋಡುವುದೇ ಉದ್ದೇಶವಾಗಿತ್ತು. ಆದರೆ ಅಲ್ಲಿ ಮೂರು ವರುಷದಷ್ಟು ಕಾಲ ನಿಂತರು. ಇಲ್ಲಿ ಬೆರಗು ಬೇರೆ ವಿಧದ್ದು. ಸ್ತ್ರೀಯರೇ ಸಂಘಗಳನ್ನು ನಡಿಸುವರು, ಕಾಲೇಜುಗಳನ್ನು ಆಳುವರು! ಆದಾಗ್ಯೂ ಅವರ ಕಣ್ಣು ಮಂಕಾಗಲಿಲ್ಲ. ಟೊಪ್ಪಿಗೆಯ ಅಲಂಕಾರಕ್ಕಾಗಿ ಹಕ್ಕಿಗಳನ್ನು ಕೊಲ್ಲುವುದನ್ನು ಅವರು ಮೆಚ್ಚಲಿಲ್ಲ. ಕಂಡದ್ದನ್ನೆಲ್ಲ ಮರಾಠಿಯಲ್ಲಿ ಬರೆದು 1889ರಲ್ಲಿ ಪ್ರಕಟಿಸಿದರು.

ಅದೇ 1889ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಲ್ಲಿಗೆ ಬಂದ ಬ್ರಾಹ್ಮಣ ವಿಧವೆಯರು ತಮ್ಮ ಅಡಿಗೆಯನ್ನೂ ಮಡಿಯನ್ನೂ ತಮ್ಮ ಪದ್ಧತಿಯಂತೆಯೇ ನಡಿಸಿಕೊಳ್ಳಬಹುದೆಂದು ರಮಾಬಾಯಿಯವರು ಏರ್ಪಾಡು ಮಾಡಿದರು.