ಓಲೆಗರಿಗಳ ವಿದ್ವಾಂಸ ಡಾ. ಆ. ನೇ. ಉಪಾಧ್ಯೆ

ಜೈನ ಸಾಹಿತ್ಯದ ಸಂಶೋಧನೆ ಎಂದರೆ ಮೊದಲ ಸಾಲಿನಲ್ಲಿ ನೆನೆಯಬೇಕಾದ ಹೆಸರು ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರದು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 46ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಹಿರಿಯರು ಅವರನ್ನು ನೆನೆಯುತ್ತಾರೆ. ಆದರೆ ಜೀವಮಾನವಿಡೀ ಅವರು ಮಾಡಿದ ಕೆಲಸವೇನು ಎಂಬುದು ಇಂದು ಅನೇಕ ಜೈನ ಮನೆಗಳಿಗೇ ತಿಳಿದಿಲ್ಲ.

ಉಪಾಧ್ಯೆಯವರು ಹುಟ್ಟಿದ್ದು 1906ರ ಫೆಬ್ರವರಿ 6ರಂದು, ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ. ಮುಂದೆ ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು ಜನಿಸಿದ್ದೂ ಇದೇ ಊರಿನಲ್ಲಿ. ಗಡಿಭಾಗದಲ್ಲಿ ಬಸದಿಯ ಪೂಜೆ, ಪುರೋಹಿತಿಕೆ ನಡೆಸುವವರಿಗೆ ಉಪಾಧ್ಯೆ ಎನ್ನುತ್ತಾರೆ. ಅಂಥ ಮನೆತನದ ಹುಡುಗ ಮುಂಬಯಿ ವಿಶ್ವವಿದ್ಯಾಲಯದಿಂದ 1930ರಲ್ಲಿ ಎಂ.ಎ. ಪದವಿ ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಮೂರು ದಶಕ ಅಲ್ಲಿಯೇ ಪಾಠ ಹೇಳಿದರು. 1939ರಲ್ಲಿ ಡಿ.ಲಿಟ್. ಪದವಿ ಬಂದಿತು.

ಆ ಕಾಲದಲ್ಲಿ ಜೈನ ಗ್ರಂಥಗಳ ದೊಡ್ಡ ಭಾಗ ಮಠ, ಬಸದಿಗಳ ಭಂಡಾರಗಳಲ್ಲಿ ಓಲೆಗರಿಗಳ ಕಟ್ಟುಗಳಾಗಿಯೇ ಉಳಿದಿತ್ತು. ಗಂಧ, ಅಕ್ಷತೆ ಇಟ್ಟು ಪೂಜಿಸುವವರಿದ್ದರು. ಬಿಚ್ಚಿ ಓದುವವರು ಕಡಿಮೆ. ಶಾಸ್ತ್ರವನ್ನು ಅಚ್ಚು ಹಾಕಿಸುವುದೇ ತಪ್ಪೆಂದು ತಿಳಿದವರೂ ಇದ್ದರು. ಹುಳು ತಿಂದು ಒಂದು ಪ್ರತಿ ಹಾಳಾದರೆ ಒಬ್ಬ ಆಚಾರ್ಯರ ಮಾತೇ ಲೋಕದಿಂದ ಮರೆಯಾಗುವ ಅಪಾಯವಿತ್ತು.

ವರಾಂಗಚರಿತವೆಂಬ ಸಂಸ್ಕೃತ ಕಾವ್ಯದ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಹೆಸರು ಗೊತ್ತಿತ್ತು, ಕಾವ್ಯ ಸಿಕ್ಕಿರಲಿಲ್ಲ. ಹರಿವಂಶಪುರಾಣದ ಶ್ಲೋಕಗಳನ್ನು ಓದಿದ ಪಂಡಿತರು ಅದು ಪದ್ಮಚರಿತದ ಕರ್ತೃ ರವಿಷೇಣಾಚಾರ್ಯರದೇ ಎಂದು ಭಾವಿಸಿದ್ದರು. ಉಪಾಧ್ಯೆಯವರಿಗೆ ಕೊಲ್ಹಾಪುರದ ಲಕ್ಷ್ಮೀಸೇನ ಮಠದ ಭಂಡಾರದಲ್ಲಿ ಆ ಕಾವ್ಯದ ಓಲೆಪ್ರತಿ ದೊರೆಯಿತು. ಅದನ್ನು ಬರೆದವರು ಯಾರೆಂದು ತಿಳಿಯಲು ಅವರಿಗೆ ನೆರವಾದದ್ದು ಕನ್ನಡ. ಪಂಪನ ಆದಿಪುರಾಣದಲ್ಲಿ ಜಟಾಚಾರ್ಯರ ಸ್ಮರಣೆ ಇದೆ. ಚಾವುಂಡರಾಯ ಪುರಾಣದಲ್ಲಿ ಜಟಾಸಿಂಹನಂದ್ಯಾಚಾರ್ಯರ ಹೆಸರೇ ಇದೆ. ಕ್ರಿ.ಶ. 779ರಲ್ಲಿ ಮುಗಿದ ಉದ್ದ್ಯೋತನ ಸೂರಿಯ ಕುವಲಯಮಾಲೆಯೂ ಜಟಿಲ ಕವಿಯನ್ನು ನೆನೆದಿದೆ. ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ತೂಗಿ ನೋಡಿ, ಕಾವ್ಯ ಜಟಾಸಿಂಹನಂದಿಗಳದೆಂದು ಅವರು ತೋರಿಸಿಕೊಟ್ಟರು. 1938ರಲ್ಲಿ ಗ್ರಂಥ ಅಚ್ಚಾಯಿತು. ಕೊಪ್ಪಳದ ಬೆಟ್ಟದ ಬಂಡೆಯ ಮೇಲೆ ಚಾವಯ್ಯ ಎಂಬಾತ ಮಾಡಿಸಿದ ಜಟಾಸಿಂಹನಂದಿಗಳ ಪಾದಗಳು ಇಂದಿಗೂ ಇವೆ. ಅವು ಈ ಕವಿಯವೇ ಇರಬಹುದೆಂಬ ಅಭಿಪ್ರಾಯಕ್ಕೂ ಅವರ ಸಂಶೋಧನೆ ಬಲ ಕೊಟ್ಟಿತು. ಹೀಗೆ ಮರೆತುಹೋಗಿದ್ದ ಮುನಿಯೊಬ್ಬರಿಗೆ ಅವರ ಕೃತಿ ಮರಳಿ ಸಂದಿತು.

1935ರಲ್ಲಿ ಪ್ರಕಟವಾದ ಪ್ರವಚನಸಾರದ ದೀರ್ಘ ಪ್ರಸ್ತಾವನೆಯಲ್ಲಿ ಕುಂದಕುಂದಾಚಾರ್ಯರ ಕಾಲವನ್ನು ಚರ್ಚಿಸಿದರು. ಪರಂಪರೆ ಹೇಳುವುದನ್ನು ಗೌರವದಿಂದ ಮುಂದಿಟ್ಟು, ಪಟ್ಟಾವಳಿ, ಶಾಸನ, ಭಾಷೆ ಎಲ್ಲವನ್ನೂ ಪರೀಕ್ಷಿಸಿ, ಕ್ರಿಸ್ತಶಕದ ಆರಂಭಕಾಲವೆಂಬ ನಿರ್ಣಯಕ್ಕೆ ಬಂದರು. ಯಾಪನೀಯ ಸಂಘದ ವಿಷಯದಲ್ಲಿಯೂ ಅವರದು ಇದೇ ರೀತಿ. ಆ ಸಂಘದ ಮುನಿಗಳು ದಿಗಂಬರರಾಗಿದ್ದರು, ಆದರೆ ಸ್ತ್ರೀಮುಕ್ತಿಯನ್ನು ಒಪ್ಪುತ್ತಿದ್ದರು. ಕರ್ನಾಟಕದಲ್ಲಿ ಬೆಳೆದು, ರಾಜರ ದಾನಗಳನ್ನು ಪಡೆದು, ಕಾಲಕ್ರಮದಲ್ಲಿ ಹೆಸರಿಲ್ಲದಂತಾದ ಸಂಘ ಅದು. ಇಂದಿನ ಪಂಥಭೇದದ ಕಣ್ಣಿನಿಂದ ನೋಡದೆ, ಶಾಸನಗಳು ಹೇಳಿದಷ್ಟನ್ನು ಅವರು ಬರೆದರು. ಶ್ರದ್ಧೆಯುಳ್ಳ ಶ್ರಾವಕನೂ ಇತಿಹಾಸದ ವಿಷಯದಲ್ಲಿ ಆಧಾರವಿಲ್ಲದೆ ಮಾತನಾಡಬಾರದು ಎಂಬುದಕ್ಕೆ ಅವರ ಬರಹವೇ ನಿದರ್ಶನ.

ಡಾ. ಹೀರಾಲಾಲ್ ಜೈನರ ಜೊತೆಗೂಡಿ ತಿಲೋಯಪಣ್ಣತ್ತಿಯನ್ನು ಸಂಪಾದಿಸಿದರು. ಧವಲಾ ಟೀಕೆಯ ಪ್ರಕಟಣೆಯಲ್ಲಿ ಅವರ ಕೈಹಿಡಿದರು. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆ, ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಗ್ರಂಥಮಾಲೆಗಳ ಹೊಣೆಯನ್ನು ಇಬ್ಬರೂ ಸೇರಿ ಹೊತ್ತರು. 1943ರ ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ ಆರಾಧನಾ ಕಥೆಗಳ ಬೇರನ್ನು ಹುಡುಕುತ್ತ ನಮ್ಮ ವಡ್ಡಾರಾಧನೆಯನ್ನೂ ವಿದ್ವಲ್ಲೋಕದ ಗಮನಕ್ಕೆ ತಂದರು. ಬಹುಪಾಲು ಇಂಗ್ಲಿಷಿನಲ್ಲಿ ಬರೆದರೂ ಕನ್ನಡವನ್ನು ಬಿಡಲಿಲ್ಲ. ಬಾಹುಬಲಿಯ ಮಹಾಮಸ್ತಕಾಭಿಷೇಕ ನಡೆದ ವರ್ಷವೇ ಬೆಳಗೊಳದ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿದದ್ದು ಯೋಗ್ಯವೇ ಆಗಿತ್ತು.

1971ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಆರಂಭವಾದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದರು. ನಿವೃತ್ತಿಯ ವಯಸ್ಸಿನಲ್ಲಿ ಹೊಸ ವಿದ್ಯಾರ್ಥಿಗಳಿಗೆ ಅಕ್ಷರದಿಂದ ಪಾಠ ತೊಡಗಿದರು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ಕಂಡು, 1975ರ ಅಕ್ಟೋಬರ್‌ನಲ್ಲಿ ಕೊಲ್ಹಾಪುರದಲ್ಲಿ ದೇಹ ಬಿಟ್ಟರು.

2024ರಲ್ಲಿ ಕೇಂದ್ರ ಸರ್ಕಾರ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಿದೆ. ಸಮಾಜಕ್ಕೆ ಇದು ಸಂತೋಷದ ಸುದ್ದಿ. ಆದರೆ ಣಮೋಕಾರ ಮಂತ್ರವನ್ನು ದಿನವೂ ಹೇಳುವ ಮನೆಗಳಲ್ಲಿ ಅದರ ಭಾಷೆಯನ್ನು ಕಲಿತವರು ಎಷ್ಟು ಮಂದಿ? ಊರಿನ ಬಸದಿಯಲ್ಲಿ ಓಲೆಗರಿಗಳಿದ್ದರೆ ಅವುಗಳ ಪಟ್ಟಿ ಮಾಡಿಸಿ ಜೋಪಾನ ಮಾಡುವುದು, ಮಕ್ಕಳಲ್ಲಿ ಒಬ್ಬರನ್ನಾದರೂ ಪ್ರಾಕೃತ, ಹಳಗನ್ನಡ ಓದಲು ಹುರಿದುಂಬಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ. ಉಪಾಧ್ಯೆಯವರ ಭಾವಚಿತ್ರಕ್ಕೆ ಹಾರ ಹಾಕುವ ದಿನ ಇಷ್ಟನ್ನು ಸಂಕಲ್ಪ ಮಾಡಿದರೆ ಆ ಹಾರಕ್ಕೆ ಅರ್ಥ ಬಂದೀತು.