ಸೇತುವೆಯ ಮೇಲೆ ಮುರಿದ ಸ್ನೇಹ: ಪೋಲೆಂಡ್ ಕಟ್ಟಿದ ಪಿಲ್ಸುಡ್‌ಸ್ಕಿ

1926ರ ಮೇ 12. ಪೋಲೆಂಡ್‌ನ ರಾಜಧಾನಿ ವಾರ್ಸಾದಲ್ಲಿ, ವಿಸ್ತುಲಾ ನದಿಯ ಮೇಲಿನ ಪೊನ್ಯಾಟೋವ್‌ಸ್ಕಿ ಸೇತುವೆಯ ಮೇಲೆ ಇಬ್ಬರು ಹಳೆಯ ಸಂಗಾತಿಗಳು ಎದುರುಬದುರಾದರು. ಒಬ್ಬರು ದೇಶದ ಅಧ್ಯಕ್ಷ ಸ್ತಾನಿಸ್ಲಾವ್ ವೊಯ್ಚೆಖೋವ್‌ಸ್ಕಿ. ಮತ್ತೊಬ್ಬರು ತಮಗೆ ನಿಷ್ಠವಾದ ಪಡೆಗಳೊಂದಿಗೆ ರಾಜಧಾನಿಗೆ ಬಂದಿದ್ದ ಮಾರ್ಷಲ್ ಯೂಜೆಫ್ ಪಿಲ್ಸುಡ್‌ಸ್ಕಿ. ಮೂವತ್ತು ವರ್ಷಗಳ ಹಿಂದೆ ಇವರಿಬ್ಬರೂ ರಷ್ಯಾದ ಪೊಲೀಸರ ಕಣ್ತಪ್ಪಿಸಿ ಒಂದೇ ಭೂಗತ ಪತ್ರಿಕೆಗಾಗಿ ದುಡಿದವರು. ಸರ್ಕಾರ ರಾಜೀನಾಮೆ ನೀಡಬೇಕೆಂಬುದು ಮಾರ್ಷಲ್ ಪಟ್ಟು. ಬದಲಾವಣೆ ಸಂವಿಧಾನದ ದಾರಿಯಲ್ಲೇ ಆಗಬೇಕೆಂಬುದು ಅಧ್ಯಕ್ಷರ ನಿಲುವು. ಮಾತುಕತೆ ಮುರಿದುಬಿತ್ತು. ಮೂರು ದಿನಗಳ ಕಾದಾಟದಲ್ಲಿ 379 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 164 ಮಂದಿ ನಾಗರಿಕರು.

ಪೋಲೆಂಡನ್ನು ಮತ್ತೆ ಭೂಪಟದ ಮೇಲೆ ತಂದವರೆಂದು ಜನ ನಂಬಿದ್ದ ವ್ಯಕ್ತಿಯೇ ಅದರ ಸಂವಿಧಾನದ ವಿರುದ್ಧ ಬಂದೂಕು ಎತ್ತಿದ್ದು ಹೇಗೆ? ಆಧುನಿಕ ಪೋಲಿಷ್ ರಾಜಕಾರಣದ ಕಥೆಯ ಬಹುಭಾಗ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಭೂಪಟದಲ್ಲಿಲ್ಲದ ದೇಶದ ಮಗ

ಪಿಲ್ಸುಡ್‌ಸ್ಕಿ ಹುಟ್ಟಿದ್ದು 1867ರ ಡಿಸೆಂಬರ್ 5ರಂದು, ಇಂದಿನ ಲಿಥುವೇನಿಯಾದಲ್ಲಿರುವ ಜೂಲೂವ್ ಗ್ರಾಮದ ಜಮೀನ್ದಾರಿ ಮನೆತನದಲ್ಲಿ. ಆಗ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. 1772, 1793 ಮತ್ತು 1795ರಲ್ಲಿ ಮೂರು ಬಾರಿ ನಡೆದ ವಿಭಜನೆಯಲ್ಲಿ ರಷ್ಯಾ, ಪ್ರಷ್ಯಾ ಹಾಗೂ ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. 1863ರ ಬಂಡಾಯವನ್ನು ರಷ್ಯಾ ನಿರ್ದಯವಾಗಿ ಹತ್ತಿಕ್ಕಿದ ನೆನಪು ಮನೆಮನೆಯಲ್ಲೂ ಹಸಿಯಾಗಿತ್ತು. ವಿಲ್ನೋದ ಶಾಲೆಯಲ್ಲಿ ಕಲಿಕೆಯೆಲ್ಲ ರಷ್ಯನ್ ಭಾಷೆಯಲ್ಲಿ. ತಾಯಿ ಮರಿಯಾ ಮಾತ್ರ ನಿಷೇಧಿತ ಪೋಲಿಷ್ ಕೃತಿಗಳನ್ನು ಮನೆಯಲ್ಲಿ ಗುಟ್ಟಾಗಿ ಮಕ್ಕಳಿಗೆ ಓದಿ ಹೇಳುತ್ತಿದ್ದರು.

1887ರಲ್ಲಿ ಝಾರ್ ಮೂರನೆಯ ಅಲೆಕ್ಸಾಂಡರನ ಹತ್ಯೆ ಸಂಚು ಬಯಲಾಯಿತು. ಅದೇ ಪ್ರಕರಣದಲ್ಲಿ ಲೆನಿನ್‌ರ ಅಣ್ಣ ಅಲೆಕ್ಸಾಂಡರ್ ಉಲ್ಯಾನೋವ್ ನೇಣಿಗೇರಿದರು. ಪಿಲ್ಸುಡ್‌ಸ್ಕಿ ಅವರ ಅಣ್ಣ ಬ್ರೊನಿಸ್ಲಾವ್‌ಗೆ ಸಖಾಲಿನ್ ದ್ವೀಪದಲ್ಲಿ 15 ವರ್ಷಗಳ ಕಠಿಣ ಶಿಕ್ಷೆಯಾಯಿತು. ಸಂಚಿನಲ್ಲಿ ನೇರ ಪಾತ್ರವಿಲ್ಲದಿದ್ದರೂ ತಮ್ಮನಿಗೆ ಸೈಬೀರಿಯಾದಲ್ಲಿ ಐದು ವರ್ಷಗಳ ಗಡೀಪಾರು ಸಿಕ್ಕಿತು. 1892ರಲ್ಲಿ ಮರಳಿದಾಗ ಅವರು ವೃತ್ತಿಪರ ಕ್ರಾಂತಿಕಾರಿಯಾಗಿ ಮಾಗಿದ್ದರು.

ಪತ್ರಿಕೆಯಿಂದ ಪಿಸ್ತೂಲಿನವರೆಗೆ

ಪೋಲಿಷ್ ಸಮಾಜವಾದಿ ಪಕ್ಷ ಸೇರಿದ ಅವರು 1894ರಿಂದ ಅದರ ಭೂಗತ ಪತ್ರಿಕೆ 'ರೊಬೊಟ್ನಿಕ್' ಹೊಣೆ ಹೊತ್ತರು. ಆ ಹೆಸರಿನ ಅರ್ಥ ಕಾರ್ಮಿಕ. 1900ರಲ್ಲಿ ಊಜ್ ನಗರದ ಅವರ ಮನೆಯಲ್ಲಿದ್ದ ಮುದ್ರಣಯಂತ್ರ ಪೊಲೀಸರ ವಶವಾಯಿತು. ವಾರ್ಸಾ ಕೋಟೆಯ ಸೆರೆಮನೆಯಲ್ಲಿ ಅವರು ಹುಚ್ಚನಂತೆ ನಟಿಸಿದರು. ಚಿಕಿತ್ಸೆಗೆಂದು ಸೇಂಟ್ ಪೀಟರ್ಸ್‌ಬರ್ಗ್‌ನ ಆಸ್ಪತ್ರೆಗೆ ಸಾಗಿಸಿದಾಗ, 1901ರಲ್ಲಿ ಪೋಲಿಷ್ ವೈದ್ಯರೊಬ್ಬರ ನೆರವಿನಿಂದ ತಪ್ಪಿಸಿಕೊಂಡರು.

ರಷ್ಯಾ-ಜಪಾನ್ ಯುದ್ಧದ ಸಮಯದಲ್ಲಿ, 1904ರಲ್ಲಿ ನೆರವು ಕೋರಿ ಟೋಕಿಯೊವರೆಗೂ ಹೋದರು. ಅವರ ಜೀವಮಾನದ ರಾಜಕೀಯ ಎದುರಾಳಿ ರೋಮನ್ ದ್ಮೋವ್‌ಸ್ಕಿ ಕೂಡ ಅಲ್ಲಿದ್ದರು. ಬಂಡಾಯಕ್ಕೆ ನೆರವು ಬೇಡವೆಂಬುದು ಅವರ ವಾದವಾಗಿತ್ತು. ದ್ಮೋವ್‌ಸ್ಕಿ ಅವರ ಕಣ್ಣಿಗೆ ಜರ್ಮನಿಯೇ ಮೊದಲ ಶತ್ರು, ಪಿಲ್ಸುಡ್‌ಸ್ಕಿ ಅವರಿಗೆ ರಷ್ಯಾ. ಒಬ್ಬರು ಕ್ಯಾಥೊಲಿಕ್ ಪೋಲರದೇ ಆದ ರಾಷ್ಟ್ರ ಬಯಸಿದರೆ, ಇನ್ನೊಬ್ಬರು ಲಿಥುವೇನಿಯನ್ನರು, ಉಕ್ರೇನಿಯನ್ನರನ್ನೂ ಒಳಗೊಂಡ ಒಕ್ಕೂಟದ ಕನಸು ಕಂಡರು.

ಸಶಸ್ತ್ರ ಹೋರಾಟಕ್ಕೆ ಹಣ ಬೇಕಿತ್ತು. 1908ರ ಸೆಪ್ಟೆಂಬರ್‌ನಲ್ಲಿ ವಿಲ್ನೋ ಸಮೀಪದ ಬೆಜ್ದಾನಿ ನಿಲ್ದಾಣದಲ್ಲಿ ಪಿಲ್ಸುಡ್‌ಸ್ಕಿ ತಂಡ ರಷ್ಯಾದ ಅಂಚೆ ರೈಲನ್ನು ದೋಚಿತು. ಸಿಕ್ಕಿದ್ದು ಸುಮಾರು 2 ಲಕ್ಷ ರೂಬಲ್. ಆ ದರೋಡೆಯಲ್ಲಿ ಪಾಲ್ಗೊಂಡ ನಾಲ್ವರು ಮುಂದೆ ಪೋಲೆಂಡ್‌ನ ಪ್ರಧಾನಿಗಳಾದರು ಎಂಬುದು ವಿಶೇಷ.

ಸೆರೆಮನೆಯಿಂದ ಅಧಿಕಾರಕ್ಕೆ

ಮೊದಲ ಮಹಾಯುದ್ಧ ಆರಂಭವಾದಾಗ, 1914ರ ಆಗಸ್ಟ್ 6ರಂದು ಅವರ ಮೊದಲ ಪಡೆ ಕ್ರಾಕೋವ್‌ನಿಂದ ರಷ್ಯಾದ ಗಡಿಯತ್ತ ಹೊರಟಿತು. ಆಸ್ಟ್ರಿಯಾ ಮತ್ತು ಜರ್ಮನಿಯ ಪಕ್ಷದಲ್ಲಿ ಹೋರಾಡಿದರೂ ಅವರ ಗುರಿ ಬೇರೆಯಿತ್ತು. 1917ರಲ್ಲಿ ಜರ್ಮನ್ ಚಕ್ರವರ್ತಿಗೆ ಮಿತ್ರನಿಷ್ಠೆಯ ಪ್ರಮಾಣ ಸ್ವೀಕರಿಸಲು ನಿರಾಕರಿಸಿ ಮಾಗ್ಡೆಬರ್ಗ್ ಕೋಟೆಯಲ್ಲಿ ಬಂಧಿಯಾದರು. ಆ ಸೆರೆವಾಸವೇ ಅವರನ್ನು ಜನನಾಯಕರನ್ನಾಗಿಸಿತು.

ಜರ್ಮನಿ ಕುಸಿಯುತ್ತಿದ್ದಂತೆ ಬಿಡುಗಡೆಯಾಗಿ, 1918ರ ನವೆಂಬರ್ 10ರಂದು ವಾರ್ಸಾ ತಲುಪಿದರು. ಮರುದಿನವೇ ಸೇನೆಯ ಅಧಿಕಾರ ಅವರ ಕೈಸೇರಿತು. 123 ವರ್ಷಗಳ ಬಳಿಕ ಪೋಲೆಂಡ್ ಮತ್ತೆ ಹುಟ್ಟಿತು. ಅದೇ ತಿಂಗಳ 28ರ ಆಜ್ಞೆಯ ಮೂಲಕ ಮಹಿಳೆಯರಿಗೂ ಮತದಾನದ ಹಕ್ಕು ದೊರೆಯಿತು. ಆದರೆ ಹೊಸ ದೇಶ ಮೂರು ಸಾಮ್ರಾಜ್ಯಗಳ ಚೂರುಗಳನ್ನು ಜೋಡಿಸಿದಂತಿತ್ತು. ನಾಣ್ಯ ಬೇರೆ, ಕಾನೂನು ಬೇರೆ, ರೈಲು ಹಳಿಗಳ ಅಗಲವೂ ಬೇರೆ. ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಪೋಲರಲ್ಲದವರದು.

1920ರ ಮೇನಲ್ಲಿ ಉಕ್ರೇನ್‌ನ ನಾಯಕ ಪೆತ್ಲ್ಯೂರಾ ಜತೆಗೂಡಿ ಪಿಲ್ಸುಡ್‌ಸ್ಕಿ ಕೀವ್ ನಗರ ವಶಪಡಿಸಿಕೊಂಡರು. ಆದರೆ ಆಗಸ್ಟ್ ವೇಳೆಗೆ ಸೋವಿಯತ್‌ನ ಕೆಂಪು ಸೇನೆಯೇ ವಾರ್ಸಾ ಬಾಗಿಲಿಗೆ ಬಂದಿತ್ತು. ಆ ಸಂಕಷ್ಟದಲ್ಲಿ ಪ್ರಧಾನಿಯಾಗಿ ರೈತರನ್ನು ಹುರಿದುಂಬಿಸಿದವರು ಸ್ವತಃ ರೈತರಾಗಿದ್ದ ವಿಂಚೆಂಟಿ ವಿಟೋಸ್. ಆಗಸ್ಟ್ 16ರಂದು ದಕ್ಷಿಣದ ವೆಪ್ಶ್ ನದಿಯ ಕಡೆಯಿಂದ ಪಿಲ್ಸುಡ್‌ಸ್ಕಿ ನಡೆಸಿದ ಪ್ರತಿದಾಳಿಗೆ ಕೆಂಪು ಸೇನೆ ಚದುರಿತು. 1921ರ ರೀಗಾ ಒಪ್ಪಂದ ಶಾಂತಿಯನ್ನೇನೋ ತಂದಿತು. ಆದರೆ ಉಕ್ರೇನ್ ಮತ್ತು ಬೆಲಾರಸ್ ನೆಲ ಪೋಲೆಂಡ್-ಸೋವಿಯತ್ ನಡುವೆ ಹಂಚಿಹೋಯಿತು. ಒಕ್ಕೂಟದ ಕನಸು ಅಲ್ಲಿಗೇ ಮುಗಿಯಿತು.

ಕಹಿಯ ವರ್ಷಗಳು

1921ರ ಸಂವಿಧಾನ ಸಂಸತ್ತಿಗೆ ಬಲ ಕೊಟ್ಟು ಅಧ್ಯಕ್ಷ ಹುದ್ದೆಯನ್ನು ದುರ್ಬಲಗೊಳಿಸಿತು. ಪಿಲ್ಸುಡ್‌ಸ್ಕಿ ಆ ಹುದ್ದೆಗೆ ಸ್ಪರ್ಧಿಸಲಿಲ್ಲ. 1922ರ ಡಿಸೆಂಬರ್ 9ರಂದು ಅಲ್ಪಸಂಖ್ಯಾತ ಸದಸ್ಯರ ಮತಗಳೂ ಸೇರಿ ಗಾಬ್ರಿಯೆಲ್ ನರುತೊವಿಚ್ ಅಧ್ಯಕ್ಷರಾದರು. ಯೆಹೂದ್ಯರ ಮತದಿಂದ ಗೆದ್ದವರೆಂದು ಬಲಪಂಥೀಯರು ಬೀದಿಗಿಳಿದರು. ಒಂದೇ ವಾರದಲ್ಲಿ, ಡಿಸೆಂಬರ್ 16ರಂದು, ಕಲಾ ಪ್ರದರ್ಶನವೊಂದರಲ್ಲಿ ಚಿತ್ರಕಾರನೊಬ್ಬ ಅಧ್ಯಕ್ಷರನ್ನು ಗುಂಡಿಕ್ಕಿ ಕೊಂದ.

ಮಿತ್ರನ ಆ ಸಾವನ್ನು ಪಿಲ್ಸುಡ್‌ಸ್ಕಿ ಎಂದೂ ಮರೆಯಲಿಲ್ಲ. 1923ರಲ್ಲಿ ಬಲಪಂಥೀಯರು ಸೇರಿದ್ದ ಸರ್ಕಾರ ಬಂದಾಗ ಹುದ್ದೆಗಳನ್ನು ತೊರೆದು ವಾರ್ಸಾ ಬಳಿಯ ಸುಲೆಯುವೆಕ್‌ನ ಮನೆ ಸೇರಿದರು. ಅತ್ತ ಸರ್ಕಾರಗಳು ಮೇಲಿಂದ ಮೇಲೆ ಬಿದ್ದವು, ಹಣದುಬ್ಬರ ಜನರ ಉಳಿತಾಯವನ್ನು ನುಂಗಿತು. 1926ರ ಮೇ 10ರಂದು ವಿಟೋಸ್ ಮತ್ತೆ ಬಲಪಂಥೀಯರ ಜತೆ ಸರ್ಕಾರ ರಚಿಸಿದಾಗ ಮಾರ್ಷಲ್ ಸೇತುವೆಯತ್ತ ನಡೆದರು.

ಸೇತುವೆ ದಾಟಿದ ಮೇಲೆ

ಸಮಾಜವಾದಿಗಳು ಅಂದು ಅವರ ಬೆಂಬಲಕ್ಕೆ ನಿಂತರು. ರೈಲ್ವೆ ಕಾರ್ಮಿಕರ ಮುಷ್ಕರದಿಂದಾಗಿ ಸರ್ಕಾರದ ನೆರವಿಗೆ ಬರಬೇಕಿದ್ದ ಪಡೆಗಳು ವಾರ್ಸಾ ತಲುಪಲು ಆಗಲಿಲ್ಲ. ವೊಯ್ಚೆಖೋವ್‌ಸ್ಕಿ ಮತ್ತು ವಿಟೋಸ್ ಅಧಿಕಾರ ತ್ಯಜಿಸಿದರು. ಸಂಸತ್ತು ಪಿಲ್ಸುಡ್‌ಸ್ಕಿ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರೂ ಅವರು ಒಲ್ಲೆನೆಂದರು. ಆ ಪೀಠದಲ್ಲಿ ವಿಜ್ಞಾನಿ ಇಗ್ನಾಸಿ ಮೊಶ್ಚಿಟ್‌ಸ್ಕಿ ಕುಳಿತರು, ಅಧಿಕಾರ ಮಾತ್ರ ಮಾರ್ಷಲ್ ಕೈಯಲ್ಲೇ ಉಳಿಯಿತು.

ಆಡಳಿತವನ್ನು ಶುದ್ಧಗೊಳಿಸುವ ಭರವಸೆಯಿಂದ ಆರಂಭವಾದದ್ದು ಕ್ರಮೇಣ ಬಿಗಿಮುಷ್ಟಿಯಾಯಿತು. 1930ರ ಚುನಾವಣೆಗೆ ಮುನ್ನ ವಿರೋಧಪಕ್ಷದ ನಾಯಕರನ್ನು ರಾತ್ರೋರಾತ್ರಿ ಬಂಧಿಸಿ ಬ್ರೆಸ್ತ್ ಕೋಟೆಗೆ ತಳ್ಳಲಾಯಿತು. ದೇಶದ ಉಳಿವಿಗಾಗಿ 1920ರಲ್ಲಿ ಹೆಗಲು ಕೊಟ್ಟಿದ್ದ ವಿಟೋಸ್ ಅವರಲ್ಲೊಬ್ಬರು. ಪಿಲ್ಸುಡ್‌ಸ್ಕಿ ಪಡೆಯಲ್ಲೇ ಹೋರಾಡಿದ್ದ ಸಮಾಜವಾದಿ ವಕೀಲ ಹೆರ್ಮನ್ ಲೀಬರ್‌ಮನ್ ಮತ್ತೊಬ್ಬರು. ಅವರನ್ನು ದಾರಿಯಲ್ಲೇ ಥಳಿಸಲಾಯಿತು. 1934ರಲ್ಲಿ ಬೆರೆಜಾ ಕಾರ್ತುಸ್ಕಾದಲ್ಲಿ ವಿಚಾರಣೆಯಿಲ್ಲದೆ ಬಂಧಿಸಿಡುವ ಶಿಬಿರ ತೆರೆಯಿತು. ಝಾರ್ ಆಡಳಿತದ ಸೆರೆಮನೆ ಕಂಡಿದ್ದವರ ಆಳ್ವಿಕೆಯಲ್ಲೇ ಇದೆಲ್ಲ ನಡೆಯಿತೆಂಬುದು ಅವರ ಬದುಕಿನ ಅತಿದೊಡ್ಡ ವೈರುಧ್ಯ.

ಹೊರಗಿನ ಅಪಾಯ ಅವರಿಗೆ ತಿಳಿಯದ್ದೇನಲ್ಲ. 1932ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ, 1934ರಲ್ಲಿ ಜರ್ಮನಿಯೊಂದಿಗೆ ಆಕ್ರಮಣ ಮಾಡದಿರುವ ಒಪ್ಪಂದ ಮಾಡಿಕೊಂಡರು. ಆದರೆ 1939ರ ಸೆಪ್ಟೆಂಬರ್‌ನಲ್ಲಿ ಎರಡೂ ನೆರೆರಾಷ್ಟ್ರಗಳು ಪೋಲೆಂಡ್ ಮೇಲೆರಗಿದಾಗ ಅದನ್ನು ಕಾಣಲು ಅವರಿರಲಿಲ್ಲ.

ಎರಡು ದಿನಾಂಕಗಳು

ಪಿಲ್ಸುಡ್‌ಸ್ಕಿ ಕ್ಯಾನ್ಸರ್‌ನಿಂದ ನಿಧನರಾದದ್ದು 1935ರ ಮೇ 12ರಂದು, ಸೇತುವೆಯ ಆ ಭೇಟಿಗೆ ಸರಿಯಾಗಿ ಒಂಬತ್ತು ವರ್ಷ ತುಂಬಿದ ದಿನ. ಪಾರ್ಥಿವ ಶರೀರ ಕ್ರಾಕೋವ್‌ನ ವಾವೆಲ್‌ನಲ್ಲಿ ರಾಜರ ಸಮಾಧಿಗಳ ನಡುವೆ ಇದೆ. ಹೃದಯವನ್ನು ಮಾತ್ರ ವಿಲ್ನೋದಲ್ಲಿ ತಾಯಿಯ ಸಮಾಧಿಯಲ್ಲಿ ಇರಿಸಲಾಯಿತು. ಆ ಊರು ಈಗ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್. 1920ರಲ್ಲಿ ಪೋಲಿಷ್ ಸೇನೆ ಆ ನಗರವನ್ನು ಕಿತ್ತುಕೊಂಡದ್ದನ್ನು ಲಿಥುವೇನಿಯನ್ನರು ಮರೆತಿಲ್ಲ.

ಕಮ್ಯುನಿಸ್ಟ್ ಆಡಳಿತ ಕೈಬಿಟ್ಟಿದ್ದ ನವೆಂಬರ್ 11ರ ಸ್ವಾತಂತ್ರ್ಯ ದಿನ 1989ರಲ್ಲಿ ಮರಳಿ ಬಂತು. ಅಂದು ಪೋಲರು ಅವರ ಪ್ರತಿಮೆಗಳಿಗೆ ಹೂವು ಅರ್ಪಿಸುತ್ತಾರೆ. ಮೇ 12ಕ್ಕೆ ಅಂಥ ಸಡಗರವಿಲ್ಲ. ಆದರೆ ಪಿಲ್ಸುಡ್‌ಸ್ಕಿ ಅವರನ್ನು ಅರಿಯಬೇಕಾದರೆ ಈ ಎರಡೂ ದಿನಾಂಕಗಳನ್ನು ಒಟ್ಟಿಗೇ ನೆನೆಯಬೇಕಾಗುತ್ತದೆ.