ಹಲ್ಲು ನೋಡಿ ಆನೆಗಳನ್ನು ಬೇರ್ಪಡಿಸಿದ ಕ್ಯುವಿಯೆ

ತಾಂಡವಪುರದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಒಂಬತ್ತನೇ ತರಗತಿಗೆ ಪಳೆಯುಳಿಕೆಗಳ ಪಾಠ ನನ್ನ ಪಾಲಿಗೆ ಬಂತು. ಅಮೆರಿಕದ ಮ್ಯಾಸ್ಟೊಡಾನ್ ಚಿತ್ರ ತೂಗುಹಾಕಿ, ಇದು ನಮ್ಮ ದಸರಾ ಆನೆಯ ಪೂರ್ವಜ ಎಂದುಬಿಟ್ಟೆ. ಬರೀ ಮೂಳೆಯಿಂದ ಅದು ಹೇಗೆ ತಿಳಿಯಿತು ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಉತ್ತರ ಪಾಠಯೋಜನೆಯಲ್ಲಿ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ನಾಳೆ ಹೇಳುತ್ತೇನೆಂದು ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದೆ. ರಾತ್ರಿ ಕೂತು ಓದಿದ್ದು ಜಾರ್ಜ್ ಕ್ಯುವಿಯೆಯ ಬದುಕನ್ನು.

ಅವನು ಹುಟ್ಟಿದ್ದು 1769ರಲ್ಲಿ, ಮೊಂಬೆಲ್ಯಾರ್ ಎಂಬ ಊರಿನಲ್ಲಿ. ಸ್ಟುಟ್‌ಗಾರ್ಟ್‌ನಲ್ಲಿ ಓದು ಮುಗಿಸಿದವನಿಗೆ ಸಿಕ್ಕಿದ್ದು ನಾರ್ಮಂಡಿಯ ಒಂದು ಸಿರಿವಂತರ ಮನೆಯಲ್ಲಿ ಮನೆಪಾಠದ ಕೆಲಸ. ನಮ್ಮಂತೆ ಅವನೂ ಮೊದಲು ಮೇಷ್ಟ್ರೇ. ಬಿಡುವಿನಲ್ಲಿ ಸಮುದ್ರದ ಜೀವಿಗಳನ್ನು ಕೊಯ್ದು ನೋಡುತ್ತ ಕಲಿತ. 1795ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಸೇರಿದ.

ಅಲ್ಲಿ ಅಮೆರಿಕದ ಒಹಾಯೊ ನದಿಯ ಕಡೆಯಿಂದ 1739ರಲ್ಲಿ ಸಿಕ್ಕಿದ ಮೂಳೆ, ದಂತ, ದವಡೆಹಲ್ಲುಗಳಿದ್ದವು. ಮೂಳೆ ಮತ್ತು ದಂತ ಆನೆಯವು, ಹಲ್ಲು ನೀರ್ಗುದುರೆಯದು ಎಂದು ಹಿಂದಿನವರು ಹಂಚಿಕೊಟ್ಟಿದ್ದರು. ಒಂದೇ ಪ್ರಾಣಿಯದಿರಬಹುದೆಂದು ಒಪ್ಪಲು ಅಷ್ಟು ಕಷ್ಟ! ಆನೆಯ ದವಡೆಹಲ್ಲಿನ ಮೇಲೆ ಬೀಸುವ ಕಲ್ಲಿನ ಕಚ್ಚುಗಳಂತೆ ಅಡ್ಡಗೆರೆಗಳಿರುತ್ತವೆ. ಒಹಾಯೊ ಹಲ್ಲಿನಲ್ಲಿ ಜೋಡಿ ಜೋಡಿ ಗುಬುಟುಗಳು, ರೆಂಬೆ ಎಲೆ ಜಜ್ಜಲು ತಕ್ಕಂಥವು. 1796ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಏಷ್ಯಾದ ಆನೆ ಮತ್ತು ಆಫ್ರಿಕಾದ ಆನೆ ಬೇರೆ ಬೇರೆ, ಮ್ಯಾಮತ್ ಇವೆರಡೂ ಅಲ್ಲ, ಅದು ಅಳಿದೇ ಹೋಗಿದೆ ಎಂದು ಸಾರಿದ. ಸೃಷ್ಟಿಯಾದದ್ದು ಅಳಿಯುವುದೆಂದರೆ ಆಗಿನವರಿಗೆ ಅರಗದ ಮಾತು. ಒಹಾಯೊ ಪ್ರಾಣಿಗೆ 1806ರಲ್ಲಿ ಮ್ಯಾಸ್ಟೊಡಾನ್ ಎಂಬ ಹೆಸರಿಟ್ಟ. ಅರ್ಥ ಮೊಲೆತೊಟ್ಟಿನ ಹಲ್ಲು; ತರಗತಿಯಲ್ಲಿ ನಾನು ಗುಬುಟು ಹಲ್ಲು ಎಂದಷ್ಟೇ ಹೇಳಿದೆ.

ಮುಂದೆ ಅವನು ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಕೂಡ ಆದ. ನಾಲ್ಕು ಮಕ್ಕಳೂ ಅವನ ಕಣ್ಣೆದುರೇ ತೀರಿಕೊಂಡರು. 1832ರಲ್ಲಿ ಅವನೂ ಸತ್ತ.

ಅವನ ತಪ್ಪನ್ನು ಹೇಳಬೇಕೇ ಎಂದು ಅನುಮಾನಿಸಿದೆ, ಕೊನೆಗೆ ಹೇಳಿದೆ. ಜೀವಿಗಳು ಅಳಿಯುತ್ತವೆ ಎಂದು ತೋರಿಸಿದವನು ಅವು ಬದಲಾಗುತ್ತವೆ ಎಂಬುದನ್ನು ಒಪ್ಪಲಿಲ್ಲ, ಒಪ್ಪಿದ್ದ ಲಾಮಾರ್ಕನನ್ನು ವಿರೋಧಿಸಿದ. ಆಮೇಲೆ ನನ್ನ ತಪ್ಪು. ಮ್ಯಾಸ್ಟೊಡಾನ್ ಆನೆಯ ಪೂರ್ವಜ ಅಲ್ಲ, ಎರಡು ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ದೂರದ ದಾಯಾದಿ ಎಂದು ಕಪ್ಪುಹಲಗೆಯ ಮೇಲೆ ಎರಡು ಕೊಂಬೆ ಬರೆದು ತಿದ್ದಿದೆ. ಆ ಹುಡುಗಿ ನಿನ್ನೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡಳು. ನನ್ನ ವೀಕ್ಷಣಾ ಪುಸ್ತಕದಲ್ಲಿ ವಿಷಯಜ್ಞಾನಕ್ಕೆ ಮೊದಲ ದಿನ ಬಿದ್ದ ಅಂಕ ಮಾತ್ರ ಹಾಗೆಯೇ ಇದೆ.